ಊರು ತೋರಿಸುವ ಹುಚ್ಚಿಗೆ ರೇಟು ಹಾಕುವುದು ಹೇಗೆ?

ಪ್ರತಿ ಊರಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಬೀದರಿಗೆ ಯಾರ ಮನೆಗೆ ನೆಂಟರು ಬಂದರೂ ಕೋಟೆ ತೋರಿಸಲು ಇವರೇ ಬೇಕು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪಿನ ಕೆಲಸ ಎಲ್ಲಿದೆ, ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳು ಯಾವ ಹೊತ್ತಿನ ಬಿಸಿಲಿಗೆ ಚೆಂದ, ಬಿದರಿ ಕೆಲಸದವರು ಯಾವ ಓಣಿಯಲ್ಲಿದ್ದಾರೆ, ಎಲ್ಲಾ ಬಾಯಿಪಾಠ. ಪೆಟ್ರೋಲೂ ಅವರದೇ, ಕೊನೆಗೆ ಚಹಾದ ದುಡ್ಡೂ ಅವರದೇ. ನೀವು ಆ ಪೈಕಿಯವರಾದರೆ ಇದನ್ನು ಓದಿ. ಈ ಹುಚ್ಚಿನಿಂದ ನಾಲ್ಕು ಕಾಸು ನೋಡುವುದು ಸಾಧ್ಯ. ಆದರೆ ಲೆಕ್ಕ ಕಲಿಯಬೇಕಾದ್ದು ಟೂರಿಸ್ಟ್ ಬಸ್ಸಿನವರಿಂದ ಅಲ್ಲ, ಬಾರ್ಜ್‌ನವರಿಂದ, ಅಂದರೆ ಚಪ್ಪಟೆ ತಳದ ಸರಕು ದೋಣಿಯವರಿಂದ.

ಫ್ರಾನ್ಸಿನಲ್ಲಿ ಕನಾಲ್ ದ್ಯು ಮಿದಿ ಅಂತ ಸುಮಾರು 240 ಕಿ.ಮೀ. ಉದ್ದದ ಕಾಲುವೆ ಇದೆ. 1681ರಲ್ಲಿ ಮುಗಿದದ್ದು. ತೋಡಿದ್ದು ಸರಕು ಸಾಗಿಸಲು. ರೈಲು, ಲಾರಿ ಬಂದು ಸರಕು ಕೈತಪ್ಪಿದ ಮೇಲೆ ಹಳೇ ಬಾರ್ಜ್‌ಗಳನ್ನು ರಿಪೇರಿ ಮಾಡಿ ತೇಲುವ ಹೋಟೆಲ್ ಮಾಡಿಕೊಂಡರು. ಅಲ್ಲಿ ವೇಗದ ಮಿತಿ ಗಂಟೆಗೆ 8 ಕಿ.ಮೀ. ಅಂದರೆ ನಮ್ಮ ಎತ್ತಿನ ಬಂಡಿಗಿಂತ ಒಂದಿಷ್ಟು ಜೋರು, ಅಷ್ಟೇ. ಒಂದು ಬಾರ್ಜಿನಲ್ಲಿ ಆರರಿಂದ ಹನ್ನೆರಡು ಜನ ಇದ್ದರೆ ಜಾಸ್ತಿ. ರೂಮು, ಊಟ, ಸೈಕಲ್ಲು, ಪಕ್ಕದ ಊರು ನೋಡಲು ವ್ಯಾನು, ಎಲ್ಲಾ ಸೇರಿ ಒಂದೇ ರೇಟು. ನೀರಿನ ಮಟ್ಟ ಬದಲಾಗುವ ಲಾಕ್ ಗೇಟಿನ ಹತ್ತಿರ ಬಾರ್ಜ್ ನಿಂತು ಕಾಯುವಾಗ ಜನ ಕೆಳಗಿಳಿದು ದಂಡೆ ಮೇಲೆ ನಡೆಯುತ್ತಾರೆ, ಮುಂದೆ ಹೋಗಿ ಮತ್ತೆ ಹತ್ತಿಕೊಳ್ಳುತ್ತಾರೆ. ಕೇರಳದಲ್ಲೂ ಹೀಗೇ ಆಯಿತು. ಅಲ್ಲಿನ ಕೆಟ್ಟುವಳ್ಳಂ ಒಂದು ಕಾಲದಲ್ಲಿ ಅಕ್ಕಿ ಹೊರುವ ದೋಣಿ, ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಕಟ್ಟಿದ್ದು. ಈಗ ಅದೇ ಹೌಸ್‌ಬೋಟ್.

ಭೀಮಾ ನದಿಯಲ್ಲಿ ಬಾರ್ಜ್ ಬಿಡೋಣ ಅಂತ ನಾನೇನೂ ಹೇಳುತ್ತಿಲ್ಲ, ಬೇಸಿಗೆಯಲ್ಲಿ ಅದನ್ನು ನೋಡಿದವರಿಗೆ ಆ ಆಸೆ ಬರುವುದೂ ಇಲ್ಲ. ಬಾರ್ಜ್‌ನವರು ಮಾರುತ್ತಿರುವುದು ನೀರನ್ನಲ್ಲ. ಬಂದವರಿಗೆ ಅವಸರ ಇರಬಾರದು, ಹೆಜ್ಜೆಗೊಮ್ಮೆ ಜೇಬಿಗೆ ಕೈ ಹಾಕುವ ಕಿರಿಕಿರಿ ಇರಬಾರದು. ಅವರು ದುಡ್ಡು ತೆಗೆದುಕೊಳ್ಳುವುದು ಇಷ್ಟಕ್ಕೇ. ಇದಕ್ಕೆ ನೀರು ಬೇಕಿಲ್ಲ ಅಲ್ವಾ?

ಮೊದಲು ಪಟ್ಟಿಗೆ ಕತ್ತರಿ ಹಾಕಿ

ಊರು ಗೊತ್ತಿದ್ದವರಿಗೆ ಇದೇ ಕಷ್ಟ. ಎಲ್ಲಾ ತೋರಿಸಬೇಕು ಅನಿಸುತ್ತದೆ. ದಿನಕ್ಕೆ ಮೂರೇ ಇಟ್ಟುಕೊಳ್ಳಿ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಬಿದರಿ, ಸಂಜೆ ಅಷ್ಟೂರು. ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ಬಿಟ್ಟರೆ ಹೇಗೆ ಅಂತ ಕೇಳುತ್ತೀರಿ. 1472ರ ಕಟ್ಟಡ, ಬಿಡಬಾರದು ನಿಜ, ಕೋಟೆಗೆ ಹೋಗುವ ದಾರಿಯಲ್ಲೇ ಇದೆ, ಚಹಾ ಕುಡಿಯುವ ನೆಪದಲ್ಲಿ ಇಳಿಸಿ. ನೌಬಾದಿನ ಕರೇಜ್ ಮಾತ್ರ ಎರಡನೇ ದಿನಕ್ಕೆ ಇರಲಿ. ನೆಲದೊಳಗೆ ನೀರು ಹರಿಸಿದ ಲೆಕ್ಕಾಚಾರ ಅರ್ಥವಾಗಲು ತಲೆ ತಣ್ಣಗಿರಬೇಕು.

ರಂಗೀನ್ ಮಹಲಿನ ಬೀಗ ಯಾವಾಗ ತೆಗೆಯುತ್ತಾರೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಗುಮ್ಮಟದೊಳಗೆ ಕತ್ತಲು. ಗೋಡೆಯ ಬಣ್ಣ ಕಾಣಿಸಲು ಕಣ್ಣಿಗೆ ಒಂದಿಷ್ಟು ಹೊತ್ತು ಬೇಕು. ಅಷ್ಟು ಹೊತ್ತು ನೀವು ಸುಮ್ನೆ ಇರಿ. ಬಾಯಿಪಾಠ ಒಪ್ಪಿಸಬೇಡಿ.

ಬಿದರಿಗೆ ಮಾತ್ರ ಎರಡು ತಾಸು ಕೊಡಿ. ಅಂಗಡಿಗೆ ಕರೆದೊಯ್ದು ಹೂದಾನಿ ತೋರಿಸಿದರೆ ಅದು ಶಾಪಿಂಗ್ ಆಯಿತು. ಕೆಲಸ ನಡೆಯುವ ಜಾಗದಲ್ಲಿ ಕೂರಿಸಿ. ಲೋಹದಲ್ಲಿ ಬಹುಪಾಲು ಸತು, ಒಂಚೂರು ತಾಮ್ರ. ಎರಕ ಹೊಯ್ದು ಉಜ್ಜಿದ ಮೇಲೆ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಎಳೆದರೆ ಕಾಣಲಿ ಅಂತ. ಆಮೇಲೆ ಸಣ್ಣ ಉಳಿಯಿಂದ ಕೊರೆಯುವುದು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸಿ ತಟ್ಟುವುದು, ಮತ್ತೆ ಉಜ್ಜುವುದು. ಈ ಹಂತದಲ್ಲಿ ಬೆಳ್ಳಿ ಯಾವುದು, ಲೋಹ ಯಾವುದು ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಎರಡೂ ಬೂದು ಬಿಳುಪು. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಸೇರಿಸಿ ನೀರು ಕಾಯಿಸುತ್ತಾರೆ. ಅದರಲ್ಲಿ ಅದ್ದಿದ್ದೇ ತಡ, ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಈ ಗಳಿಗೆ ತಪ್ಪದ ಹಾಗೆ ನಿಮ್ಮ ಇಡೀ ದಿನದ ಟೈಮು ಹೊಂದಿಸಿ. ಕುಶಲಕರ್ಮಿಯ ಸಮಯಕ್ಕೆ ಬೇರೆ ದುಡ್ಡು ಕೊಡಿ. ಮಾರಾಟದ ಮೇಲೆ ಕಮಿಷನ್ ಮುಟ್ಟಬೇಡಿ. ಬಂದವರಿಗೆ ಅದು ವಾಸನೆ ಬಡಿಯುತ್ತದೆ.

ಊಟ ಮನೆಯದೇ ಇರಲಿ

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಇದಕ್ಕೆ ಹೋಟೆಲ್ ಬೇಡ. ಓಣಿಯಲ್ಲಿ ರೊಟ್ಟಿ ಬಡಿಯುವುದರಲ್ಲಿ ಹೆಸರಾದ ಅಕ್ಕ ಒಬ್ಬರು ಇದ್ದೇ ಇರುತ್ತಾರೆ, ಅವರ ಹವ್ಯಾಸಕ್ಕೂ ಕಾಸು ಸಿಗಲಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜೆ ಕಡಬು, ಅಂಬಲಿ ಉಣಿಸುವ ಅವಕಾಶ ಇದ್ದರಂತೂ ಅದೊಂದಕ್ಕೇ ಹೈದರಾಬಾದಿನಿಂದ ಜನ ಬರುತ್ತಾರೆ.

ಲೆಕ್ಕ

ಇಲ್ಲಿ ಒಂದು ಮಾದರಿ ಹಾಕುತ್ತೇನೆ, ನಿಮ್ಮೂರ ರೇಟು ಹಾಕಿಕೊಂಡು ತಿದ್ದಿ. ಆರು ಜನ, ಒಂದು ದಿನ. ಗಾಡಿ 5,000, ಊಟ ತಲಾ 500ರಂತೆ 3,000, ಬಿದರಿಯವರಿಗೆ 2,000, ಗೈಡ್ 1,500, ಚಿಲ್ಲರೆ 500. ಒಟ್ಟು 12,000 ರೂಪಾಯಿ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸಿ, ಮೇಲೆ ತಲಾ 200 ಹಾಕಿ ಖುಷಿಪಡುತ್ತಾರೆ. ನಿಮ್ಮ ದುಡಿಮೆ ಎಲ್ಲಿ ಹೋಯಿತು? ತಿರುಗಾಡಿದ್ದು ಒಂದು ದಿನ, ಫೋನ್ ಮಾಡಿ ಹೊಂದಿಸಿದ್ದು ಇನ್ನೊಂದು ದಿನ. ಅದಕ್ಕೆ 3,000 ಹಿಡಿಯಿರಿ, ಲಾಭಕ್ಕೆ 3,000. ತಲಾ 3,000 ಆಯಿತು. ಈಗ ನಾಲ್ಕೇ ಜನ ಬಂದರು ಅನ್ನಿ. ಕೈಗೆ 12,000, ಖರ್ಚು 11,000, ನಿಮ್ಮ ದುಡಿಮೆಗೆ ಉಳಿದದ್ದು ಸಾವಿರ. ಅಂದರೆ ನಾಲ್ಕಕ್ಕಿಂತ ಕಡಿಮೆ ಬುಕಿಂಗ್ ಇದ್ದರೆ ಹೊರಡಬಾರದು. ಹನ್ನೆರಡು ಜನಕ್ಕೆ ಒಪ್ಪಿಕೊಂಡರೆ ದುಡ್ಡು ಜಾಸ್ತಿ, ಆದರೆ ಬಿದರಿ ಕೆಲಸದವರ ಸುತ್ತ ಹನ್ನೆರಡು ಜನ ನಿಂತರೆ ಹಿಂದಿನವರಿಗೆ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ಆರೇ ಸಾಕು.

ಕಾಗದ ಪತ್ರ

ಬೀದರ ಕೋಟೆ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಒಳಗೆ ದುಡ್ಡು ತೆಗೆದುಕೊಂಡು ವಿವರಿಸಲು ಲೈಸೆನ್ಸ್ ಇರುವ ಗೈಡ್ ಬೇಕು. ಲೆಕ್ಕದಲ್ಲಿ ಗೈಡ್ ಖರ್ಚು ಹಾಕಿದ್ದು ಅದಕ್ಕೇ. ಊಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಮನೆಯಲ್ಲಿ ಉಳಿಸಿಕೊಳ್ಳುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಪುಕ್ಕಟೆ, ಅದಕ್ಕೆ ಯಾರಿಗೂ ಕಾಸು ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಇಂಥ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ.

ಪ್ರಯೋಗ ಮಾಡುವುದಾದರೆ ಅಪರಿಚಿತರ ಮೇಲೆ

ನೆಂಟರು "ಭಾಳ ಛಲೋ ಆತು" ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅರ್ಧ ರೇಟಿಗೆ ಗುರುತಿಲ್ಲದವರನ್ನು ಕರೆದೊಯ್ಯಿರಿ. ಅರ್ಧವಾದರೂ ತೆಗೆದುಕೊಳ್ಳಲೇಬೇಕು, ದುಡ್ಡು ಕೊಟ್ಟವರೇ ನಿಜ ಹೇಳುವುದು. ಎಲ್ಲಿ ಬೇಜಾರಾಯಿತು, ಎಲ್ಲಿ ಕಾಲು ನೋಯಿತು, ಈ ಎರಡನ್ನೇ ಕೇಳಿ.

ಚಳಿಗಾಲದಲ್ಲಿ ಫ್ರಾನ್ಸಿನವರು ಕಾಲುವೆ ರಿಪೇರಿಗೆ ಅಂಗಡಿ ಮುಚ್ಚುತ್ತಾರೆ. ನಮ್ಮ ಸೀಸನ್ನು ಉಲ್ಟಾ. ಅಕ್ಟೋಬರಿನಿಂದ ಫೆಬ್ರುವರಿ ತನಕ ನಡೆಸಿ, ಮಾರ್ಚಿನಿಂದ ಮಳೆ ಬೀಳುವವರೆಗೆ ಬಾಗಿಲು ಹಾಕಿ. ಆ ಬಿಸಿಲಲ್ಲಿ ಕೋಟೆ ಹತ್ತಿಸಿದರೆ ಬಂದವರು ನಿಮ್ಮನ್ನು ಬೈದುಕೊಂಡೇ ಹೋಗುತ್ತಾರೆ. ಕೆಲಸ ಬಿಡುವ ಮಾತು ಈಗಲೇ ಬೇಡ, ಒಂದು ಸೀಸನ್ ಶನಿವಾರ, ಭಾನುವಾರ ಮಾತ್ರ ಮಾಡಿ ನೋಡಿ.

ಫೋನ್ ಬಂದಾಗ ಕೇಳಬೇಕಾದ್ದು ಇಷ್ಟು: ವಯಸ್ಸೆಷ್ಟು, ಮೊಣಕಾಲು ನೋವಿದೆಯಾ, ಖಾರ ನಡೆಯುತ್ತದಾ, ಕನ್ನಡವಾ, ಹಿಂದಿಯಾ, ತೆಲುಗಾ. ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಿ, ಬರದಿದ್ದರೆ ಎಷ್ಟು ವಾಪಸ್ ಅಂತ ಆಗಲೇ ಬರೆದು ಕಳಿಸಿ. ಮುಂಗಡ ಖಾತೆಗೆ ಬೀಳುವ ತನಕ ಗಾಡಿಯವನಿಗೆ ಹೂಂ ಅನ್ನಬೇಡಿ.