ಬೆಶ್ತೆ ಉಚ್ ಅಂದ್ರೆ ಐದರಲ್ಲಿ ಮೂರು

ಈ ಆಗಸ್ಟಿನಲ್ಲಿ ಇಂಗ್ಲೆಂಡಿನ ಹದಿನಾರರ ಮಕ್ಕಳು ಬರೆಯುವ ಜಿಸಿಎಸ್‌ಇ ಫಲಿತಾಂಶ ಬಂತು. ನಮ್ಮ ಭಾನುವಾರದ ಪಾಠಕ್ಕೆ ಬರುವ ಟರ್ಕಿಶ್, ಕುರ್ದಿಶ್ ಮನೆಗಳ 19 ಮಕ್ಕಳಲ್ಲಿ 15 ಮಂದಿಗೆ ಗಣಿತದಲ್ಲಿ 4 ಅಥವಾ ಅದಕ್ಕಿಂತ ಮೇಲಿನ ಗ್ರೇಡ್, ಅಂದ್ರೆ ಪಾಸು, ಸಿಕ್ಕಿದೆ. ಇಬ್ಬರಿಗೆ 7; ಎಲ್ಲಕ್ಕಿಂತ ಮೇಲಿನದು 9. ನಾಲ್ಕು ವರ್ಷದ ಹಿಂದೆ, ಮೊದಲ ಸಲ, 14ರಲ್ಲಿ ಪಾಸಾದವರು ಮೂರೇ ಜನ. ಆಗಾಗ ಫೋನು ಮಾಡಿ "ಅದು ಹೇಗೆ ಮಾಡಿದಿರಿ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಊರು ಬಿಟ್ಟು ಬಂದು ವಾರಾಂತ್ಯದ ಪಾಠ ನಡೆಸುವ ಕನ್ನಡದವರು ತುಂಬ ಜನ ಇದ್ದೀರಿ.

ನಾನಿರುವುದು ಉತ್ತರ ಲಂಡನ್ನಿನ ಎಡ್ಮಂಟನ್. ಇಲ್ಲಿಂದ ಹ್ಯಾರಿಂಗೇವರೆಗೆ ಎತ್ತ ಹೋದರೂ ಟರ್ಕಿಶ್ ಬೇಕರಿ, ಕಬಾಬ್ ಅಂಗಡಿ. ಸೈಪ್ರಸ್‌ನ ಟರ್ಕಿಶ್ ಜನ 1950–60ರ ದಶಕದಲ್ಲೇ ಬಂದವರು. ಟರ್ಕಿಯ ಮರಾಶ್, ಸಿವಾಸ್ ಕಡೆಯ ಕುರ್ದರು ಹೆಚ್ಚಾಗಿ ಬಂದದ್ದು 1980ರ ದಶಕದ ಕೊನೆಯಲ್ಲಿ. ಹ್ಯಾಕ್ನಿಯ ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದರು. 90ರ ದಶಕದಲ್ಲಿ ಆ ಕಾರ್ಖಾನೆಗಳು ಮುಚ್ಚಿದವು, ಜನ ಅಂಗಡಿ, ಹೋಟೆಲು ಹಿಡಿದರು. ಇದನ್ನು ಯಾಕೆ ಹೇಳಿದೆ ಅಂದ್ರೆ, ನನ್ನ ಮೊದಲ ಸೋಲಿಗೆ ಕಾರಣ ಇಲ್ಲೇ ಇತ್ತು. ಶನಿವಾರ ಬೆಳಿಗ್ಗೆ 10ಕ್ಕೆ ಪಾಠ ಇಟ್ಟಿದ್ದೆ. ಶುಕ್ರವಾರ ರಾತ್ರಿ ಅಪ್ಪ ಅಂಗಡಿ ಮುಚ್ಚುವುದೇ ಎರಡು ಗಂಟೆಗೆ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಕಳಿಸುವವರು ಯಾರು? 11 ಗಂಟೆಗೆ ನಾಲ್ಕು ಜನ ಬರೋರು. ಭಾನುವಾರ ಮಧ್ಯಾಹ್ನ 12ಕ್ಕೆ ಬದಲಿಸಿದ ಮೇಲೆ ಕುರ್ಚಿ ಸಾಲಲಿಲ್ಲ.

ಎರಡನೇ ತಪ್ಪು ಉಚಿತ ಪಾಠ. ಉಚಿತ ಇದ್ದಾಗ ಮಳೆ ಬಂದರೆ ಅರ್ಧ ಮಕ್ಕಳು ಬರುತ್ತಿರಲಿಲ್ಲ. ವಾರಕ್ಕೆ 4 ಪೌಂಡ್ ಇಟ್ಟೆ, ಹಾಜರಿ ಸ್ಥಿರವಾಯಿತು. ಕೊಡಲಾಗದವರನ್ನು ಕೇಳುವುದಿಲ್ಲ, ಲೆಕ್ಕದ ಪುಸ್ತಕದಲ್ಲೂ ಬರೆಯುವುದಿಲ್ಲ. ಹಾಲ್ ಬಾಡಿಗೆ ಆಗ ಗಂಟೆಗೆ 22 ಪೌಂಡ್, ಎರಡೂವರೆ ಗಂಟೆ, ವರ್ಷಕ್ಕೆ ಮೂವತ್ತನಾಲ್ಕು ವಾರ. ಹತ್ತಿರ ಹತ್ತಿರ 1,900 ಅದಕ್ಕೇ ಹೋಗುತ್ತಿತ್ತು. ಮೊದಲ ವರ್ಷ ಸಿಕ್ಕ 1,500 ಪೌಂಡ್ ಗ್ರ್ಯಾಂಟಿನಲ್ಲಿ 600 ಟ್ಯಾಬ್ಲೆಟ್, ಆ್ಯಪ್‌ಗೆ ಸುರಿದೆ. ದುಡ್ಡು ದಂಡ. ಕೈಯಿಂದ ಇನ್ನೊಂದು 700 ಹೋಯಿತು. ಈಗ ಮಾರ್ಚಿನಲ್ಲಿ ನೆವ್ರೋಜ್, ಅಂದ್ರೆ ಕುರ್ದರ ಹೊಸ ವರ್ಷದ ಹಬ್ಬಕ್ಕೆ ತಾಯಂದಿರೇ ಗೊಜ್ಲೆಮೆ, ಅಂದ್ರೆ ಒಳಗೆ ಪಲ್ಯ ತುಂಬಿದ ರೊಟ್ಟಿ, ಬೇಯಿಸಿ ಮಾರುತ್ತಾರೆ. ಹೋದ ಸಲ ಒಂದೇ ದಿನಕ್ಕೆ 430 ಪೌಂಡ್ ಬಂತು. ವರ್ಷವಿಡೀ ಜೆರಾಕ್ಸಿನ ಖರ್ಚು ಅದರಲ್ಲೇ ಕಳೆಯಿತು.

ಇನ್ನು ಪಾಠದ ವಿಷಯ. ಎರಡನೇ ವರ್ಷದ ನವೆಂಬರ್ ಇರಬೇಕು. ಮರಾಶ್‌ನಿಂದ ಬಂದು ವರ್ಷವೂ ಆಗಿರದ ಹುಡುಗಿಯೊಬ್ಬಳು 240ರ ಮೂರು ಬೈ ಐದು ಎಷ್ಟು ಅನ್ನುವಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಮೇಲಿನ ಅಂಕಿಯಿಂದ ಭಾಗಿಸುತ್ತಿದ್ದಳು. ಮೂರು ಸಲ ಇಂಗ್ಲಿಷಿನಲ್ಲಿ ಹೇಳಿದೆ, ತಲೆಗೆ ಹೋಗಲಿಲ್ಲ. ಹಿಂದೆ ಕೋಟು ಹಾಕಿಕೊಂಡೇ ಮಗಳಿಗೆ ಕಾಯುತ್ತಿದ್ದ ತಾಯಿ ಮೆಲ್ಲಗೆ "ಬೆಶ್ತೆ ಉಚ್" ಅಂದರು. ಬೆಶ್ ಅಂದ್ರೆ ಐದು. "ತೆ" ನಮ್ಮ "ಅಲ್ಲಿ" ಇದ್ದ ಹಾಗೆ. ಉಚ್ ಅಂದ್ರೆ ಮೂರು. ಐದರಲ್ಲಿ ಮೂರು! ಥೇಟ್ ನಮ್ಮ ಕನ್ನಡ. ಇಂಗ್ಲಿಷಿನಲ್ಲಿ ಮೂರು ಮೊದಲು ಬರುತ್ತದೆ. ಟರ್ಕಿಶ್‌ನಲ್ಲೂ ಕನ್ನಡದಲ್ಲೂ ಐದು ಮೊದಲು. ಮೊದಲು ಐದು ಪಾಲು ಮಾಡು, ಆಮೇಲೆ ಮೂರು ಎತ್ತಿಕೋ. ಲೆಕ್ಕ ಮಾಡುವ ಕ್ರಮವೇ ಮಾತಿನಲ್ಲಿದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಆ ತಾಯಿ ಬಾಯಲ್ಲೇ 48 ಅಂದರು, ಬೆರಳು ಮಡಚಿ 144 ಅಂದರು. ಮಗಳು ತಿರುಗಿ ಅಮ್ಮನ ಮುಖ ನೋಡಿದಳು. ಆ ನೋಟ ನನಗೆ ಇನ್ನೂ ಕಣ್ಣಲ್ಲೇ ಇದೆ.

ಮುಂದಿನ ವಾರದಿಂದ ತಾಯಂದಿರನ್ನು ಒಳಗೇ ಕೂರಿಸಿದೆ. ಇಪ್ಪತ್ತು ಪರ್ಸೆಂಟಿಗೆ ಟರ್ಕಿಶ್‌ನಲ್ಲಿ "ಯೂಜ್ದೆ ಯಿರ್ಮಿ", ನೂರರಲ್ಲಿ ಇಪ್ಪತ್ತು. ಕುರ್ದರ ಮಾತಾದ ಕುರ್ಮಾಂಜಿಯಲ್ಲಿ "ಜಿ ಸೆದೀ ಬೀಸ್ತ್", ನೂರರಿಂದ ಇಪ್ಪತ್ತು. ಟರ್ಕಿಯವರು ಬರೆಯುವಾಗ %20 ಅಂತ ಚಿಹ್ನೆ ಮುಂದೆ ಹಾಕುತ್ತಾರೆ. ದಶಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ, 3.5 ಅಲ್ಲ, 3,5. ಮನೆಯಲ್ಲಿ ಅಮ್ಮ ಬರೆದುಕೊಟ್ಟಿದ್ದನ್ನು ಮಗ ತಪ್ಪು ಅಂದುಕೊಂಡು ಅಳಿಸುತ್ತಿದ್ದ. ಎರಡು ವಾರ ಬೋರ್ಡಿನ ಮೇಲೆ ಎರಡೂ ಥರ ಬರೆದಿಟ್ಟೆ. ಆಮೇಲೆ ಆ ಜಗಳ ಇಲ್ಲ.

ಇದು ಆಗೋದಲ್ಲ ಅಂದವರು ಬಹಳ ಜನ. ಇಲ್ಲಿನ ಒಂದು ಶಾಲೆಯ ಗಣಿತದ ಮುಖ್ಯಸ್ಥರು, ಮನೆಮಾತು ತಂದರೆ ಮಕ್ಕಳಿಗೆ ಗೊಂದಲ ಅಂದರು. ನಮ್ಮವರೇ ಒಬ್ಬರು, "ನಮ್ಮ ಮಕ್ಕಳಿಗೆ ಕನ್ನಡ ಕಲಿಸೋಕೆ ಜನ ಇಲ್ಲ, ಅವರಿಗೆ ಯಾಕೆ?" ಅಂದರು. ಹಾಲ್ ಕಮಿಟಿಯವರು, ಅಮ್ಮಂದಿರು ಬಂದರೆ ದೊಡ್ಡ ಹುಡುಗರು ಬರಲ್ಲ ಅಂದರು. ಈ ಕೊನೆಯ ಮಾತು ಮಾತ್ರ ನಿಜವೇ ಆಯಿತು. ಇಯರ್ 11ರ, ಅಂದ್ರೆ ಜಿಸಿಎಸ್‌ಇ ಬರೆಯುವ ವರ್ಷದ, ಐದು ಹುಡುಗರು ಒಂದೇ ತಿಂಗಳಲ್ಲಿ ಕೈಬಿಟ್ಟರು. ಆಗ ಒಂದು ಕೆಲಸ ಮಾಡಿದೆ. ಯಾವ ತಾಯಿಯೂ ತನ್ನ ಮಗುವಿನ ಪಕ್ಕ ಕೂರುವಂತಿಲ್ಲ, ಬೇರೆಯವರ ಮಗುವಿನ ಪಕ್ಕ ಕೂರಬೇಕು. ಹುಡುಗರಲ್ಲಿ ನಾಲ್ವರು ವಾಪಸ್ ಬಂದರು. ಬೇರೆ ಅಬ್ಲಾ, ಅಂದ್ರೆ ಅಕ್ಕ, ಹೇಳಿದರೆ ಕೇಳುತ್ತಾರೆ, ಸ್ವಂತ ಅಮ್ಮ ಹೇಳಿದರೆ ಕೇಳಲ್ಲ. ಎಲ್ಲ ಊರಲ್ಲೂ ಹಾಗೇ ಅಲ್ವಾ? ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಒಂದು ಭಾನುವಾರ ಕೂತರೆ ತೋರಿಸುತ್ತೇನೆ.

ಒಂದು ನೋವಿನ ವಿಷಯ ಹೇಳಲೇಬೇಕು. ಒಬ್ಬ ತಾಯಿ ಫಾರಂನಲ್ಲಿ ಮನೆಮಾತು ಟರ್ಕಿಶ್ ಅಂತ ಬರೆಸಿದ್ದರು. ಇಡೀ ವರ್ಷ ಅವರಿಗೆ ಟರ್ಕಿಶ್‌ನಲ್ಲೇ ಚೀಟಿ ಕಳಿಸಿದೆ. ಉತ್ತರವೇ ಇಲ್ಲ. ಆಸಕ್ತಿ ಇಲ್ಲ ಅಂದುಕೊಂಡೆ. ಅವರು ಕುರ್ಮಾಂಜಿ ಮಾತಾಡುವವರು, ಓದಲು ಬರುವುದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಟರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿಶ್ ಮೇಲೆ ಕಾನೂನಿನ ನಿಷೇಧವೇ ಇತ್ತು. ಆ ಕಾಲದಲ್ಲಿ ಬೆಳೆದವರು ಫಾರಂನಲ್ಲಿ ಕುರ್ದಿಶ್ ಅಂತ ಬರೆಸಲು ಹಿಂದೆಮುಂದೆ ನೋಡುತ್ತಾರೆ. ನಾನು ಮೊದಲೇ ಕೇಳಬೇಕಿತ್ತು. ಈಗ ಚೀಟಿ ನಿಲ್ಲಿಸಿದ್ದೇನೆ. ವಾಟ್ಸಾಪಿನಲ್ಲಿ ಎರಡೂ ಭಾಷೆಯ ಧ್ವನಿ ಸಂದೇಶ ಹೋಗುತ್ತದೆ. ಒಂದು ನಿಮಿಷ ಮೀರಬಾರದು, ಮೀರಿದರೆ ಯಾರೂ ಕೇಳಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಆರು ಮಕ್ಕಳನ್ನು ಟರ್ಕಿಶ್ ಜಿಸಿಎಸ್‌ಇಗೆ ಕೂರಿಸಿದೆ, ಐವರಿಗೆ ಒಳ್ಳೆಯ ಗ್ರೇಡ್ ಬಂತು. ಕುರ್ದಿಶ್‌ಗೆ ಅಂಥ ಪರೀಕ್ಷೆಯೇ ಇಲ್ಲ, ಹಾಗಾಗಿ ಇಬ್ಬರು ಮಕ್ಕಳು ಮುಖ ಸಣ್ಣ ಮಾಡಿಕೊಂಡರು. ಮಗ್ಗಿ ಹೇಳಿಸಲು ಅವರ "ಇಕಿ ಕೆರೆ ಇಕಿ ದೊರ್ತ್" ಜೊತೆ ನಮ್ಮ "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು" ಕಲಿಸಿದೆ. ಮಕ್ಕಳು ಕುಣಿದು ಹೇಳಿದರು. ಅಂಕ ಏನೂ ಏರಲಿಲ್ಲ, ಆದರೂ ಬಿಟ್ಟಿಲ್ಲ.

ಸೆಪ್ಟೆಂಬರಿನಿಂದ ಹಾಲ್ ಬಾಡಿಗೆ 26 ಪೌಂಡ್ ಆಗಿದೆ. ಈ ಸಲ ಇನ್ನೆರಡು ಕಡೆ ಗೊಜ್ಲೆಮೆ ಅಂಗಡಿ ಹಾಕಬೇಕು ಅಂತ ಅಬ್ಲಾಗಳು ತೀರ್ಮಾನ ಮಾಡಿದ್ದಾರೆ. ಮೊದಲ ಅರ್ಧ ಗಂಟೆಯ ಭಿನ್ನರಾಶಿ ಪಾಠ ಈಗ ನನ್ನದಲ್ಲ. ಅವತ್ತು ಕೋಟು ಹಾಕಿಕೊಂಡು ಹಿಂದೆ ಕೂತಿದ್ದರಲ್ಲ, ಆ ತಾಯಿಯದು. ಕೋಟು ಬಾಗಿಲ ಮೊಳೆಗೆ ನೇತುಹಾಕಿ, ಸೀಮೆಸುಣ್ಣ ಹಿಡಿದು ನಿಲ್ಲುತ್ತಾರೆ.