ತಿಂಡಿ ಖಾಲಿ, ಬೋನು ತೆರೆದೇ ಇತ್ತು

ಅರಿಝೋನಾದ ಸ್ಯಾನ್ ಪೆಡ್ರೊ ನದಿ ದಂಡೆಯಲ್ಲಿ ಇಲಿಗಳ ಸರ್ವೆಗೆ ಹೋಗಿದ್ದೆವು. ಮೆಕ್ಸಿಕೋದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಹೊಳೆ. ಬೇಸಿಗೆಯಲ್ಲಿ ಎಷ್ಟೋ ಕಡೆ ಬರೀ ಮರಳು.

ಸಂಜೆ ಶರ್ಮನ್ ಬೋನುಗಳನ್ನು ಇಟ್ಟೆವು. ಇವು ಮಡಚುವ ಅಲ್ಯೂಮಿನಿಯಂ ಡಬ್ಬಿಗಳು. ಇಲಿ ಒಳಗಿನ ತಗಡನ್ನು ತುಳಿದರೆ ಬಾಗಿಲು ಟಪ್ ಅಂತ ಮುಚ್ಚುತ್ತದೆ. ಬೆಳಿಗ್ಗೆ ನೋಡಿದರೆ ಹಿಂಗಾಲಲ್ಲಿ ಕುಪ್ಪಳಿಸುವ ಕಾಂಗರೂ ಇಲಿಗಳು ಸಿಕ್ಕಿದ್ದವು, ಕೆನ್ನೆಯಲ್ಲಿ ಚೀಲವಿರುವ ಪುಟ್ಟ ಪಾಕೆಟ್ ಇಲಿ ಒಂದೂ ಇಲ್ಲ. ಸುಮಾರು ಬೋನುಗಳಲ್ಲಿ ತಿಂಡಿ ಖಾಲಿ, ಬಾಗಿಲು ತೆರೆದೇ ಇದೆ!

ಮೊದಲು ಇರುವೆಗಳನ್ನು ಬೈದೆ. ಓಟ್ಸಿಗೆ ಪೀನಟ್ ಬಟರ್ ಕಲಸಿಟ್ಟರೆ ಅವಕ್ಕೆ ಮದುವೆ ಊಟ ತಾನೇ? ಆದರೆ ಒಂದು ಬೋನಿನೊಳಗೆ ಅಕ್ಕಿಕಾಳಿಗಿಂತ ಸಣ್ಣ ಹಿಕ್ಕೆ ಕಾಣಿಸಿತು. ಇಲಿ ಬಂದು, ತಿಂದು, ಆರಾಮಾಗಿ ವಾಪಸ್ ಹೋಗಿದೆ.

ಕಾಂಗರೂ ಇಲಿ 40 ಗ್ರಾಂ ತೂಗಿದರೆ, ಸಿಲ್ಕಿ ಪಾಕೆಟ್ ಇಲಿ 7–8 ಗ್ರಾಂ ಅಷ್ಟೇ. ಅಷ್ಟು ಹಗುರ ಪ್ರಾಣಿಗೆ ನಮ್ಮ ತಗಡು ಜಗ್ಗುತ್ತಿರಲಿಲ್ಲ. ಅದರಡಿ ಮರಳು ಬೇರೆ ಸೇರಿತ್ತು.

ಹಳೆ ಟೂತ್‌ಬ್ರಶ್‌ನಿಂದ ಮರಳು ತೆಗೆದೆ. ಬಾಗಿಲನ್ನು ಹಿಡಿದಿಡುವ ಪುಟ್ಟ ನಾಲಿಗೆಯನ್ನು ಕೂದಲೆಳೆಯಷ್ಟು ಸರಿಸಿದೆ. ಪರೀಕ್ಷೆಗೆ ಜೇಬಿನ ಚಿಲ್ಲರೆ ಸಾಕಾಯಿತು: ಅಮೆರಿಕದ ಐದು ಸೆಂಟಿನ ನಾಣ್ಯ ನಿಕಲ್ 5 ಗ್ರಾಂ, ಒಂದು ಸೆಂಟಿನ ಪೆನ್ನಿ 2.5. ಎರಡನ್ನೂ ತಗಡಿನ ಮೇಲೆ ಮೆಲ್ಲಗೆ ಇಟ್ಟಾಗ ಬಾಗಿಲು ಮುಚ್ಚಬೇಕು. ಜಾಸ್ತಿ ಸಡಿಲ ಮಾಡಿದರೆ ಗಾಳಿಗೇ ಮುಚ್ಚುತ್ತದೆ, ಹುಷಾರು. ಪೀನಟ್ ಬಟರ್ ಬಿಟ್ಟು ಒಣ ಸಿರಿಧಾನ್ಯ ಹಾಕಿದೆ.

ಮರುದಿನ ಬಿಸಿಲೇರುವ ಮೊದಲೇ ಓಡಿದೆ. ಮೂರನೇ ಬೋನಿನಲ್ಲೇ ಕೆನ್ನೆಚೀಲದ ತುಂಬ ಕಾಳು ತುರುಕಿಕೊಂಡ ಪಾಕೆಟ್ ಇಲಿ ಕೂತಿತ್ತು.