ಗಾಲಿಯ ತೂಕ ಎಲ್ಲಿದೆ: ಬೈಕಿಗೂ ಕಾರಿಗೂ ಹಗುರ ಅಲಾಯ್ ಆರಿಸಿ ಅಳವಡಿಸಿದ ನನ್ನ ಅನುಭವ

ಹಗುರವಾದ ಗಾಲಿ ಹಾಕಿಸಬೇಕೆಂದು ಹೊರಡುವವರು ಅಂಗಡಿಯಲ್ಲಿ ಮೊದಲು ಕೇಳುವುದು ಅದು ಎಷ್ಟು ಕಿಲೋ ಎಂಬುದನ್ನು. ತಕ್ಕಡಿಯ ಲೆಕ್ಕ ಬೇಕೇ ಬೇಕು, ಆದರೆ ಆ ಕಿಲೋಗಳು ಗಾಲಿಯ ಯಾವ ಭಾಗದಲ್ಲಿ ಕುಳಿತಿವೆ ಎಂದು ತಿಳಿಯದೆ ಆ ಲೆಕ್ಕಕ್ಕೆ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಬಳಿ ಹಳೆಯ ಮಾದರಿಯ ಕೆಟಿಎಂ ಆರ್‌ಸಿ 390 ಇದೆ. ಅದನ್ನು ಮುಖ್ಯವಾಗಿ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಓಡಿಸುತ್ತೇನೆ. ಜೊತೆಗೆ ಬೆಂಗಳೂರಿನ ನಿತ್ಯದ ಓಡಾಟಕ್ಕೂ ಘಟ್ಟದ ರಸ್ತೆಗಳಿಗೂ ಒಂದು ಫೋಕ್ಸ್‌ವ್ಯಾಗನ್ ಪೋಲೊ ಇದೆ. ಎರಡಕ್ಕೂ ಹಗುರ ಗಾಲಿಗಳನ್ನು ನಾನೇ ಅಳೆದು, ಆರಿಸಿ, ಅಳವಡಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಗಾಲಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ವಾಹನದೊಡನೆ ಮುಂದಕ್ಕೆ ಸಾಗುತ್ತದೆ, ತನ್ನ ಅಕ್ಷದ ಸುತ್ತ ತಿರುಗುತ್ತಲೂ ಇರುತ್ತದೆ. ಹೀಗಾಗಿ ಎಂಜಿನ್ ಅದಕ್ಕೆ ಎರಡು ಬಗೆಯ ಚಲನಶಕ್ತಿಯನ್ನು ಕೊಡಬೇಕಾಗುತ್ತದೆ. ತಿರುಗುವುದಕ್ಕೆ ಗಾಲಿ ಒಡ್ಡುವ ಪ್ರತಿರೋಧ, ಅಂದರೆ ಭ್ರಮಣ ಜಡತ್ವ, ದ್ರವ್ಯರಾಶಿಯನ್ನೂ ಅಕ್ಷದಿಂದ ಅದಕ್ಕಿರುವ ದೂರದ ವರ್ಗವನ್ನೂ ಗುಣಿಸಿದಾಗ ಸಿಗುತ್ತದೆ. ನನ್ನ ಬೈಕಿನ ಮುಂದಿನ ಟೈರಿನ ಅಳತೆ 110/70, 17 ಇಂಚು. ನೆಲದಿಂದ ಆಕ್ಸಲ್‌ವರೆಗಿನ ದೂರ ಸುಮಾರು 29 ಸೆಂಟಿಮೀಟರ್, ರಿಮ್ಮಿನ ಅಂಚು ಸುಮಾರು 21.6 ಸೆಂಟಿಮೀಟರಿನಲ್ಲಿದೆ. ಈ ಅಳತೆಗಳನ್ನಿಟ್ಟು ಲೆಕ್ಕ ಹಾಕಿದರೆ, ಹಬ್ಬಿನ, ಅಂದರೆ ಆಕ್ಸಲ್ ಹಾಯುವ ಗಾಲಿಯ ನಡುಭಾಗದ, ಬಳಿ ತೆಗೆದ ಒಂದು ಕಿಲೋ ವೇಗವರ್ಧನೆಯ ಮಟ್ಟಿಗೆ ಒಂದು ಕಿಲೋಗಿಂತ ತುಸುವೇ ಹೆಚ್ಚಿಗೆ ಸಮ. ರಿಮ್ಮಿನ ಅಂಚಿನಲ್ಲಿ ತೆಗೆದ ಒಂದು ಕಿಲೋ ಸುಮಾರು ಒಂದೂವರೆ ಕಿಲೋಗೆ ಸಮ. ಟೈರಿನ ಹೊರಮೈಯಲ್ಲಿ ತೆಗೆದ ಒಂದು ಕಿಲೋ ಹತ್ತಿರಹತ್ತಿರ ಎರಡು ಕಿಲೋಗೆ ಸಮ. ಎರಡನ್ನು ಮೀರುವುದಕ್ಕೆ ಭೌತಶಾಸ್ತ್ರದಲ್ಲಿ ಅವಕಾಶವೇ ಇಲ್ಲ. ಗಾಲಿಯ ಒಂದು ಕಿಲೋ ಎಂದರೆ ಬಾಡಿಯ ಹತ್ತು ಕಿಲೋ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಇಂದಿಗೂ ಕೇಳುತ್ತೇನೆ. ವೇಗವರ್ಧನೆಯ ಬಗ್ಗೆ ಅದು ತಪ್ಪು, ಆ ನಂಬಿಕೆಯ ಮೇಲೆ ಯಾರೂ ದೊಡ್ಡ ಮೊತ್ತ ಖರ್ಚು ಮಾಡಬಾರದು.

ಹಾಗಾದರೆ ಇಷ್ಟು ಖರ್ಚೇಕೆ ಎಂದರೆ, ಲಾಭ ಬೇರೆ ಎರಡು ಕಡೆ ಇದೆ. ಒಂದು, ಗಾಲಿ ಸ್ಪ್ರಿಂಗಿನ ಕೆಳಗಿರುವ ತೂಕ. ರಸ್ತೆಯ ಉಬ್ಬಿಗೆ ಮೇಲೆದ್ದ ಗಾಲಿಯನ್ನು ಮತ್ತೆ ನೆಲಕ್ಕೆ ಒತ್ತಬೇಕಾದವು ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ಗಾಲಿ ಹಗುರವಾದಷ್ಟೂ ಅವುಗಳ ಕೆಲಸ ಸುಲಭ, ಟೈರು ನೆಲ ಬಿಟ್ಟಿರುವ ಕಾಲವೂ ಕಡಿಮೆ. ಇನ್ನೊಂದು, ಬೈಕಿಗೆ ವಿಶೇಷವಾಗಿ ಸಂಬಂಧಿಸಿದ್ದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಈ ಗಾಲಿ ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುತ್ತಿರುತ್ತದೆ, ಹಾಗೆ ತಿರುಗುವಾಗ ತನ್ನ ಅಕ್ಷದ ದಿಕ್ಕನ್ನು ಬದಲಿಸಲು ಒಪ್ಪುವುದಿಲ್ಲ. ಎಡ ತಿರುವಿನಿಂದ ಬಲ ತಿರುವಿಗೆ ಬೈಕನ್ನು ಹೊರಳಿಸುವಾಗ ಹ್ಯಾಂಡಲಿನ ಮೇಲೆ ನಾವು ಹಾಕುವ ಬಲದ ಒಂದು ಪಾಲು ಈ ಹಟವನ್ನು ಮುರಿಯುವುದಕ್ಕೇ ಹೋಗುತ್ತದೆ. ಕೆಟಿಎಂ ಕಂಪನಿಯೇ 2022ರ ಆರ್‌ಸಿ 390ರಲ್ಲಿ ಹಳೆಯ ಗಾಲಿಗಳನ್ನು ಕೈಬಿಟ್ಟು ಐದು ಸ್ಪೋಕಿನ ಹೊಸ ಗಾಲಿಗಳನ್ನು ಕೊಟ್ಟಿತು, ಗಾಲಿಗಳಿಂದ 3.4 ಕಿಲೋ, ಬ್ರೇಕುಗಳಿಂದ 960 ಗ್ರಾಂ ಇಳಿಸಿದ್ದಾಗಿ ಅದು ಹೇಳಿಕೊಂಡಿದೆ. ಎಂಜಿನ್ನಿಗಿಂತ ಮೊದಲು ಗಾಲಿಯತ್ತ ನೋಡಬೇಕೆಂಬ ನನ್ನ ನಿರ್ಧಾರವನ್ನು ಇದು ಗಟ್ಟಿ ಮಾಡಿತು.

ತೂಕ ಎಲ್ಲಿದೆ ಎಂದು ಅಳೆಯಲು ನಾನು ಬಳಸಿದ್ದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿಸುವ ಮೂರು ದಾರದ ಲೋಲಕವನ್ನು. ಗಾಲಿಯನ್ನು ಮಲಗಿದ ಸ್ಥಿತಿಯಲ್ಲಿ, ರಿಮ್ಮಿನ ಅಂಚಿನಲ್ಲಿ ಸಮಾನ ಅಂತರದ ಮೂರು ಕಡೆ ಒಂದೇ ಉದ್ದದ, ಹಿಗ್ಗದ ತಂತಿಗಳಿಂದ ಕಟ್ಟಿ, ಮೇಲೆಯೂ ಅಷ್ಟೇ ತ್ರಿಜ್ಯದ ಮೂರು ಬಿಂದುಗಳಿಗೆ ತೂಗುಹಾಕಬೇಕು. ತಂತಿಗಳು ನೆಟ್ಟಗೆ ಇಳಿದಿರಬೇಕು. ನಂತರ ಗಾಲಿಯನ್ನು ಅಕ್ಷದ ಸುತ್ತ ಸ್ವಲ್ಪವೇ ತಿರುಚಿ ಬಿಟ್ಟರೆ ಅದು ಅತ್ತಿತ್ತ ಹೊರಳತೊಡಗುತ್ತದೆ. ಇಪ್ಪತ್ತು ಹೊರಳಾಟಗಳ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಹಿಡಿದು ಇಪ್ಪತ್ತರಿಂದ ಭಾಗಿಸಿದರೆ ಒಂದರ ಕಾಲ ಸಿಗುತ್ತದೆ. ಈ ವಿಧಾನದ ಸೊಗಸು ಏನೆಂದರೆ, ಆ ಕಾಲಕ್ಕೂ ಗಾಲಿಯ ಒಟ್ಟು ತೂಕಕ್ಕೂ ಸಂಬಂಧವಿಲ್ಲ. ದ್ರವ್ಯ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ತಂತಿ ಒಂದು ಮೀಟರ್ ಇದ್ದು, ಎಲ್ಲ ದ್ರವ್ಯವೂ ಅಂಚಿನಲ್ಲೇ ಇರುವ ತೆಳು ಬಳೆಯನ್ನು ತೂಗುಹಾಕಿದರೆ ಒಂದು ಹೊರಳಾಟಕ್ಕೆ 2 ಸೆಕೆಂಡು ಬೇಕು. ಒಂದೇ ದಪ್ಪದ ತಟ್ಟೆಗೆ ಸುಮಾರು 1.4 ಸೆಕೆಂಡು ಸಾಕು. ನಿಜವಾದ ಗಾಲಿಗಳು ಇವೆರಡರ ನಡುವೆ ಬರುತ್ತವೆ. ತಕ್ಕಡಿಯಲ್ಲಿ ಸಮನಾಗಿ ತೂಗುವ ಎರಡು ಗಾಲಿಗಳಲ್ಲಿ ಒಂದು 1.5 ಸೆಕೆಂಡು, ಇನ್ನೊಂದು 1.7 ಸೆಕೆಂಡು ತೋರಿಸಿದರೆ, ಎರಡನೆಯದರ ಭ್ರಮಣ ಜಡತ್ವ ಶೇಕಡಾ 28ರಷ್ಟು ಹೆಚ್ಚು ಎಂದರ್ಥ. ಹಗುರವೆಂದು ಮಾರುವ ಕೆಲವು ಗಾಲಿಗಳಲ್ಲಿ ಹಬ್ಬನ್ನು ಕೊರೆದು ತೂಕ ಇಳಿಸಿ, ರಿಮ್ಮನ್ನು ದಪ್ಪವಾಗಿಯೇ ಉಳಿಸಿರುತ್ತಾರೆ. ತಕ್ಕಡಿ ಅದನ್ನು ತೋರಿಸುವುದಿಲ್ಲ, ದಾರ ತೋರಿಸುತ್ತದೆ. ಟೈರು ಹಾಕಿದ ಮೇಲೆ ಇನ್ನೊಮ್ಮೆ ಅಳೆಯುವುದನ್ನು ನಾನು ಬಿಡುವುದಿಲ್ಲ, ಏಕೆಂದರೆ ಭಾರವಾದ ಟೈರು ಆರಿಸಿದರೆ ರಿಮ್ಮಿನಲ್ಲಿ ಗಳಿಸಿದ್ದೆಲ್ಲ ಅಲ್ಲಿಯೇ ಕಳೆದುಹೋಗುತ್ತದೆ.

ಇನ್ನು ಲೋಹದ ವಿಚಾರ. ವಾಹನದೊಡನೆ ಬರುವ ಅಲಾಯ್ ಗಾಲಿಗಳು ಸಾಮಾನ್ಯವಾಗಿ ಎರಕದವು. ಶೇಕಡಾ 7ರಷ್ಟು ಸಿಲಿಕಾನ್ ಇರುವ ಎ356 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಸುರಿದು ಮಾಡಿದವು. ಎರಕದಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಳ್ಳೆಗಳು ಉಳಿಯುವುದರಿಂದ ಗೋಡೆಯನ್ನು ದಪ್ಪವಾಗಿಯೇ ಇಡಬೇಕಾಗುತ್ತದೆ. ಫೋರ್ಜ್ಡ್ ಗಾಲಿಯಲ್ಲಿ 6061ರಂತಹ ಮಿಶ್ರಲೋಹದ ದಿಂಡನ್ನು ಬಿಸಿ ಮಾಡಿ ಸಾವಿರಾರು ಟನ್ನಿನ ಪ್ರೆಸ್ಸಿನಲ್ಲಿ ಒತ್ತಿ, ಆಮೇಲೆ ಯಂತ್ರದಲ್ಲಿ ಕಡೆಯುತ್ತಾರೆ. ಹದಗೊಳಿಸಿದ 6061 ಸುಮಾರು 275 ಮೆಗಾಪಾಸ್ಕಲ್ ಒತ್ತಡದವರೆಗೆ ಶಾಶ್ವತವಾಗಿ ಬಾಗುವುದಿಲ್ಲ, ಎರಕದ ಎ356 ಸುಮಾರು 200ರ ಆಸುಪಾಸಿನಲ್ಲೇ ಸೋಲುತ್ತದೆ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಸೋಲುವ ರೀತಿ: ರಸ್ತೆ ಗುಂಡಿಗೆ ಬಿದ್ದಾಗ ಒಳ್ಳೆಯ ಫೋರ್ಜ್ಡ್ ಗಾಲಿ ಮೊದಲು ಬಾಗುತ್ತದೆ, ಎರಕದ್ದು ಬಿರುಕು ಬಿಡುವ ಸಂಭವ ಹೆಚ್ಚು. ಬೆಂಗಳೂರಿನಲ್ಲಿ ಓಡಾಡುವವರಿಗೆ ಈ ವ್ಯತ್ಯಾಸ ಪ್ರಾಣದ ಮಾತು. ಇವೆರಡರ ನಡುವೆ ಫ್ಲೋ ಫಾರ್ಮಿಂಗ್ ಎಂಬ ವಿಧಾನವಿದೆ; ಎರಕದ ಗಾಲಿಯ ಹೊರ ಕವಚವನ್ನು ಮಾತ್ರ ಬಿಸಿಯಾಗಿ ತಿರುಗಿಸುತ್ತ ಉರುಳೆಗಳಿಂದ ಒತ್ತಿ ತೆಳುವಾಗಿಸುತ್ತಾರೆ. ತೂಕ ಇಳಿಯುವುದು ಸರಿಯಾಗಿ ಅಂಚಿನಲ್ಲೇ ಆದ್ದರಿಂದ, ಬೆಲೆಗೆ ತಕ್ಕ ಲಾಭವನ್ನು ನೋಡುವ ಕಾರಿನವರಿಗೆ ನಾನು ಸೂಚಿಸುವುದು ಇದನ್ನೇ.

ಮೆಗ್ನೀಷಿಯಂನ ಸಾಂದ್ರತೆ ಅಲ್ಯೂಮಿನಿಯಂನ ಮೂರನೇ ಎರಡರಷ್ಟು ಮಾತ್ರ. ಫಾರ್ಮುಲಾ ಒನ್ ಕಾರುಗಳ ಗಾಲಿಗಳು ಅದರವೇ. ಆದರೆ ಅದು ತೇವಕ್ಕೆ ಬೇಗ ಸವೆಯುವ ಲೋಹ. ಬಣ್ಣದ ಪದರ ಎಲ್ಲಿ ಕಿತ್ತರೂ, ಪಕ್ಕದಲ್ಲಿ ಉಕ್ಕಿನ ಬೋಲ್ಟ್ ಇದ್ದರಂತೂ, ಮಳೆನೀರು ಸೇರಿದೊಡನೆ ಮೆಗ್ನೀಷಿಯಂ ತಾನೇ ಕರಗತೊಡಗುತ್ತದೆ. ಪ್ರತಿ ರೇಸಿನ ನಂತರ ಬಿಚ್ಚಿ ಪರೀಕ್ಷಿಸುವ ತಂಡಗಳಿಗೆ ಅದು ಸರಿ, ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಖಂಡಿತ ಬೇಡ. ಕಾರ್ಬನ್ ಫೈಬರ್ ಗಾಲಿಗಳು ಇನ್ನೂ ಹಗುರ, ಆದರೆ ಪೆಟ್ಟು ಬಿದ್ದಾಗ ಒಳಗಿನ ಪದರ ಬಿಟ್ಟುಕೊಂಡದ್ದು ಹೊರಗಿನಿಂದ ಕಾಣದೇ ಇರಬಹುದು. ಬೈಕ್ ರೇಸಿನ ಅಗ್ರ ಸರಣಿಯಾದ ಮೋಟೊಜಿಪಿಯ ನಿಯಮಗಳು ಅವುಗಳಿಗೆ ಅನುಮತಿ ಕೊಟ್ಟಿಲ್ಲ. ಹೀಗೆ ಎರಡನ್ನೂ ಬದಿಗಿಟ್ಟು ಬೈಕಿಗೆ ಫೋರ್ಜ್ಡ್ ಅಲ್ಯೂಮಿನಿಯಂ, ಕಾರಿಗೆ ಫ್ಲೋ ಫಾರ್ಮ್ ಮಾಡಿದ ಗಾಲಿ ಎಂದು ತೀರ್ಮಾನಿಸಿದೆ.

ಕೊಳ್ಳುವಾಗ ಎಚ್ಚರ ಬೇಕಾದದ್ದು ನಕಲುಗಳ ಬಗ್ಗೆ. ಜಪಾನಿನ ರೇಯ್ಸ್ (Rays) ಎಂಬ ಕಂಪನಿ 1996ರಲ್ಲಿ ಹೊರತಂದ ವೋಕ್ ರೇಸಿಂಗ್ ಟಿಇ37 ಗಾಲಿಗೆ ಆ ಹೆಸರು ಬಂದದ್ದೇ 15 ಇಂಚಿನ, 6 ಇಂಚು ಅಗಲದ ಮೂಲ ಗಾಲಿ 3.7 ಕಿಲೋ ತೂಗಿದ್ದರಿಂದ. ಅದೇ ಆರು ಸ್ಪೋಕಿನ ವಿನ್ಯಾಸದ ಎರಕದ ಪ್ರತಿಗಳು ಬಹಳ ಕಡೆ ಸಿಗುತ್ತವೆ. ನೋಟ ಒಂದೇ ಆದರೂ ಎರಡೂ ಕೈಗಳಲ್ಲಿ ಎತ್ತಿದಾಗಲೇ ವ್ಯತ್ಯಾಸ ತಿಳಿದುಬಿಡುತ್ತದೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವಾಗ ಕೈತಕ್ಕಡಿಯೊಂದನ್ನು ಜೊತೆಗೆ ಒಯ್ಯುತ್ತೇನೆ, ಗಾಲಿಯ ಒಳಮೈಯಲ್ಲಿ ಅಚ್ಚಾಗಿರುವ ಗುರುತುಗಳನ್ನು ಓದುತ್ತೇನೆ. ಅಲಾಯ್ ಗಾಲಿಗಳ ಪರೀಕ್ಷೆಗೆಂದಿರುವ ಜಪಾನಿನ ಜೆಡಬ್ಲ್ಯುಎಲ್ ಗುರುತು, ನಮ್ಮ ದೇಶದ ಎಐಎಸ್ 073 ಮಾನದಂಡ, ಗಾಲಿ ತಡೆಯಬಲ್ಲ ಗರಿಷ್ಠ ಭಾರದ ಅಂಕಿ, ಇವುಗಳಲ್ಲಿ ಯಾವುದೂ ಇಲ್ಲದ ಗಾಲಿ ಎಷ್ಟು ಹಗುರವಾಗಿದ್ದರೂ ನನಗೆ ಬೇಡ. ಯಾವ ಪರೀಕ್ಷೆಗೂ ಒಳಪಡದ ಗಾಲಿಯನ್ನು ಹಗುರ ಮಾಡುವುದು ಬಹಳ ಸುಲಭದ ಕೆಲಸ.

ಬೈಕಿನ ಅಳವಡಿಕೆಯಲ್ಲಿ ಹೆಚ್ಚು ಕಾಲ ಹಿಡಿದದ್ದು ಬೇರಿಂಗುಗಳು. ಬೇರಿಂಗ್ ಕೂರುವ ರಂಧ್ರ ಬೇರಿಂಗಿಗಿಂತ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಹಬ್ಬಿನ ಗೋಡೆ ಗೀರಿಹೋಗುತ್ತದೆ. ಅಲ್ಯೂಮಿನಿಯಂ ಶಾಖಕ್ಕೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ: 42 ಮಿಲಿಮೀಟರ್ ವ್ಯಾಸದ ರಂಧ್ರ 80 ಡಿಗ್ರಿ ಬಿಸಿಯೇರಿದರೆ ಸುಮಾರು 0.08 ಮಿಲಿಮೀಟರ್ ಅಗಲವಾಗುತ್ತದೆ. ಹೀಟ್ ಗನ್ನಿನಿಂದ ಹಬ್ಬನ್ನು ಸಮನಾಗಿ ಬಿಸಿ ಮಾಡಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟ ಬೇರಿಂಗನ್ನು ಬಿಟ್ಟರೆ ಅದು ಬೆರಳ ಒತ್ತಿಗೇ ಕೆಳಗಿಳಿದು ಕೂರುತ್ತದೆ. ಎರಡು ಬೇರಿಂಗುಗಳ ನಡುವಿನ ಸ್ಪೇಸರ್ ಸರಿಯಾದ ಉದ್ದಕ್ಕಿರಬೇಕು; ಅದು ಚಿಕ್ಕದಾದರೆ ಆಕ್ಸಲ್ ಬಿಗಿದಾಗ ಬೇರಿಂಗಿಗೆ ಪಕ್ಕದಿಂದ ಒತ್ತಡ ಬಿದ್ದು ಬೇಗ ಕೆಡುತ್ತದೆ. ಹಿಂದಿನ ಗಾಲಿಯಲ್ಲಿ ಕುಶ್ ರಬ್ಬರ್, ಅಂದರೆ ಚೈನಿನ ಜಗ್ಗಾಟವನ್ನು ಹೀರಿಕೊಳ್ಳುವ ರಬ್ಬರ್ ತುಂಡುಗಳು, ಇರುವ ಹಬ್ಬನ್ನೇ ಆರಿಸಿದೆ. ಕೆಲವು ರೇಸ್ ಗಾಲಿಗಳು ತೂಕ ಉಳಿಸಲೆಂದು ಅದನ್ನು ಬಿಟ್ಟಿರುತ್ತವೆ. ಆಗ ಚೈನಿನ ಪ್ರತಿ ಜಗ್ಗಾಟವೂ ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಬ್ರೇಕ್ ಹಿಡಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಉಂಗುರವನ್ನು ಹಳೆಯ ಗಾಲಿಯಿಂದ ಬಿಚ್ಚಿ ಹೊಸದಕ್ಕೆ ಹಾಕಿ, ಸೆನ್ಸರಿನ ಅಂತರ ಮೊದಲಿನಷ್ಟೇ ಇದೆಯೇ ಎಂದು ಫೀಲರ್ ಗೇಜಿನಿಂದ ಪರೀಕ್ಷಿಸಿದೆ. ಕೊನೆಗೆ ಡಯಲ್ ಗೇಜ್ ಹಿಡಿದು ಗಾಲಿಯನ್ನು ನಿಧಾನವಾಗಿ ತಿರುಗಿಸಿ, ರಿಮ್ಮಿನ ಮತ್ತು ಬ್ರೇಕ್ ಡಿಸ್ಕಿನ ಓಲಾಟ ನೋಡಿದ ನಂತರವೇ ಟೈರು ಹಾಕಿಸಿದೆ.

ಟ್ರ್ಯಾಕಿನಲ್ಲಿ ಮೊದಲು ಅರಿವಿಗೆ ಬಂದದ್ದು ತಿರುವಿಗೆ ಇಳಿಸುವಾಗಿನ ಸಲೀಸು. ಬ್ರೇಕ್ ಹಿಡಿದುಕೊಂಡೇ ತಿರುವಿಗೆ ಬಾಗುವಾಗ ಹ್ಯಾಂಡಲ್ ಮೊದಲಿನಷ್ಟು ಒತ್ತಡ ಕೇಳುತ್ತಿರಲಿಲ್ಲ, ಒಂದು ತಿರುವಿನಿಂದ ಮರುತಿರುವಿಗೆ ಹೊರಳಿಸುವಾಗ ಭುಜಗಳಿಗೆ ಆಗುತ್ತಿದ್ದ ದಣಿವು ಇಳಿಯಿತು. ನೇರ ದಾರಿಯಲ್ಲಿ ವೇಗ ಹೆಚ್ಚಿತೆಂದು ನಾನು ಹೇಳಲಾರೆ. ಲೆಕ್ಕವೂ ಹಾಗೆ ಹೇಳುವುದಿಲ್ಲ.  ಭಾರದ ಗಾಲಿಗೆಂದು ಹೊಂದಿಸಿದ್ದ ಡ್ಯಾಂಪಿಂಗ್ ಹಗುರದ್ದಕ್ಕೆ ಹೊಂದುವುದಿಲ್ಲವೆಂದು ಅರಿತು ಫೋರ್ಕಿನ (ಮುಂದಿನ ಸಸ್ಪೆನ್ಷನ್ನಿನ) ಎಣ್ಣೆಯನ್ನು ಸ್ವಲ್ಪ ತೆಳುವಾದುದಕ್ಕೆ ಬದಲಿಸಿದೆ. ಸಸ್ಪೆನ್ಷನ್ನನ್ನು ಮುಟ್ಟದೆ ಗಾಲಿ ಮಾತ್ರ ಬದಲಿಸುವುದು ಅರ್ಧ ಕೆಲಸ.

ಕಾರಿನಲ್ಲಿ ತೊಡಕೆಲ್ಲ ಅಳತೆಗಳದ್ದು. ಪೋಲೊಗೆ 100 ಮಿಲಿಮೀಟರ್ ವೃತ್ತದಲ್ಲಿ ಐದು ಬೋಲ್ಟುಗಳು, ಹಬ್ಬಿನ ವ್ಯಾಸ 57.1 ಮಿಲಿಮೀಟರ್. ಹೊರಗೆ ಕೊಳ್ಳುವ ಗಾಲಿಗಳ ನಡು ರಂಧ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುವುದರಿಂದ, ನಡುವೆ ಸರಿಯಾದ ಉಂಗುರ ಹಾಕದಿದ್ದರೆ ಗಾಲಿ ಮಧ್ಯಕ್ಕೆ ಕೂರದೆ ಹೆದ್ದಾರಿಯ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. 6 ಇಂಚು ಅಗಲ, 38 ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಮಿಲಿಮೀಟರಿನಲ್ಲಿ) ಇರುವ ಗಾಲಿಯ ಬದಲು 7 ಇಂಚು, 35 ಆಫ್‌ಸೆಟ್ ಹಾಕಿದರೆ ಹೊರ ಅಂಚು ಸುಮಾರು 16 ಮಿಲಿಮೀಟರ್ ಹೊರಗೂ ಒಳ ಅಂಚು ಸುಮಾರು 10 ಮಿಲಿಮೀಟರ್ ಒಳಗೂ ಸರಿಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಜನರನ್ನು ಕೂರಿಸಿ, ಎಲ್ಲಿಯೂ ತಾಗುವುದಿಲ್ಲವೆಂದು ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಅಪಾಯದ್ದು ಬೋಲ್ಟಿನ ತಲೆಯ ಆಕಾರ. ಕಂಪನಿಯ ಬೋಲ್ಟುಗಳ ಕೂರುವ ಭಾಗ ಗೋಳಾಕಾರದ್ದು, ಹೊರಗಿನ ಗಾಲಿಗಳಿಗೆ ಬೇಕಾದದ್ದು ಬಹುತೇಕ 60 ಡಿಗ್ರಿಯ ಶಂಕುವಿನದು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಬಿಗಿಯಾದಂತೆ ಕಂಡರೂ ತೆಳುವಾದ ಗೆರೆಯ ಮೇಲೆ ಮಾತ್ರ ಹಿಡಿತವಿದ್ದು, ಓಡುತ್ತ ಸಡಿಲವಾಗುತ್ತದೆ. ಹೊಸ ಬೋಲ್ಟುಗಳನ್ನೇ ತರಿಸಿ, ಎದುರುಬದುರಾಗಿ ಒಂದೊಂದನ್ನೇ 120 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಿಂದ ಬಿಗಿದು, ನೂರು ಕಿಲೋಮೀಟರ್ ಓಡಿಸುವುದರೊಳಗೆ ಮತ್ತೊಮ್ಮೆ ಪರೀಕ್ಷಿಸಿದೆ.

ರಿಮ್ಮನ್ನು 15 ಇಂಚಿನಲ್ಲೇ ಉಳಿಸಿಕೊಂಡದ್ದು ಬೇಕೆಂದೇ. ಅಂದಕ್ಕಾಗಿ 17 ಇಂಚಿಗೆ ಹೋದರೆ ಲೋಹ ಅಕ್ಷದಿಂದ ದೂರ ಸರಿದು ಜಡತ್ವ ಹೆಚ್ಚುತ್ತದೆ; ಟೈರಿನ ಗೋಡೆ ಗಿಡ್ಡವಾಗಿ, ಗುಂಡಿಯ ಪೆಟ್ಟೆಲ್ಲ ರಿಮ್ಮಿಗೇ ಬೀಳುತ್ತದೆ. ಹಗುರ ಗಾಲಿಗೆ ದೊಡ್ಡ ರಕ್ಷಣೆ ಎತ್ತರದ ಟೈರು ಮತ್ತು ಸರಿಯಾದ ಗಾಳಿ. ಈಗ ಪೋಲೊ ವರ್ಷವಿಡೀ ಅದೇ ಗಾಲಿಗಳ ಮೇಲೆ ಓಡುತ್ತದೆ. ಟೈರು ತಿರುಗಿಸಿ ಹಾಕುವಾಗಲೆಲ್ಲ ಒಳಮೈಯನ್ನು ತೊಳೆದು, ಸ್ಪೋಕ್ ರಿಮ್ಮನ್ನು ಸೇರುವ ಮೂಲೆಗಳಲ್ಲಿ ಬಣ್ಣದ ದ್ರವ ಬಳಿದು ಬಿರುಕು ಹುಡುಕುವ ಡೈ ಪರೀಕ್ಷೆ ಮಾಡುತ್ತೇನೆ. ಬೈಕಿನ ಫೋರ್ಜ್ಡ್ ಗಾಲಿಗಳನ್ನು ಟ್ರ್ಯಾಕಿಗೆ ಮಾತ್ರ ಮೀಸಲಿಟ್ಟು, ಊರಿನೊಳಗೆ ಓಡಿಸಬೇಕಾದಾಗ ಕಂಪನಿಯ ಎರಕದ ಗಾಲಿಗಳನ್ನೇ ಹಾಕುತ್ತೇನೆ. ಎರಡೂ ಜೊತೆಗಳಿಗೆ ಬೇರೆ ಬೇರೆ ಬ್ರೇಕ್ ಡಿಸ್ಕು ಮತ್ತು ಸ್ಪ್ರಾಕೆಟ್ ಇಟ್ಟಿರುವುದರಿಂದ ಬದಲಿಸುವ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ.